ಬಾಗಿಲೆದುರಿನ ಹದಿನೇಳು ಬಟ್ಟೆ

ಸೆಪ್ಟೆಂಬರ್ 3

ಪ್ರೀತಿಯ ಗುಂಡುಸೂಜಿಗೆ,

ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಆರೋಗ್ಯ ಚೆನ್ನಾಗಿದೆ. ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಇನ್ನೂ ಇದೆ. ಮೂರು ವರ್ಷದಿಂದ ನಮ್ಮಿಬ್ಬರದು ಹೊಸ ವರ್ಷಕ್ಕೊಂದು ಫೋನು, ಅದರಲ್ಲಿಯೂ ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದದಲ್ಲಿ ಕೆಮ್ಮಲು ಬರುವುದಿಲ್ಲ.

ಹೊಲಿಗೆ ಬಿಟ್ಟ ಮೇಲೆ ನಾನು ಕೂರುತ್ತಿರುವ ಅಂಗಡಿ ನಿನಗೆ ಗೊತ್ತು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಜನ ತಂದುಕೊಟ್ಟ ಹಳೆ ಬಟ್ಟೆಗಳನ್ನು ಮಾರುವ ಜಾಗ. ಬಂದದ್ದೆಲ್ಲ ಮಕ್ಕಳ ವಾರ್ಡಿನ ಊಟಕ್ಕೆ ಹೋಗುತ್ತದೆ. ಗುಂಡಿ ಕಿತ್ತು ಬಂದದ್ದಕ್ಕೆ ಗುಂಡಿ ಹಾಕುತ್ತೇನೆ, ಹರಿದದ್ದಕ್ಕೆ ತೇಪೆ ಹಾಕುತ್ತೇನೆ, ಉಳಿದ ಹೊತ್ತು ಬಾಗಿಲು ನೋಡುತ್ತ ಕೂರುತ್ತೇನೆ.

ಕಳೆದ ವಾರ ಅಂಗಡಿ ನಡೆಸುವ ಟ್ರಸ್ಟಿನ ಕಾರ್ಯದರ್ಶಿ ಬಂದಿದ್ದರು. ಒಳ್ಳೆಯ ಮನುಷ್ಯ, ಆದರೆ ಕೆಟ್ಟ ಸುದ್ದಿ ಹೇಳುವ ಮುಂಚೆ ಕನ್ನಡಕ ಒರೆಸುವ ಅಭ್ಯಾಸ. ಒರೆಸತೊಡಗಿದಾಗಲೇ ನನಗೆ ಗೊತ್ತಾಯಿತು. ಫೆಬ್ರವರಿ ಕೊನೆಯವರೆಗೆ ನೋಡುತ್ತಾರಂತೆ. ಅಷ್ಟರಲ್ಲಿ ಗಿರಾಕಿಗಳು ಹೆಚ್ಚದಿದ್ದರೆ ಅಂಗಡಿ ಮುಚ್ಚಿ, ಆ ಕೋಣೆಯಲ್ಲಿ ಆಸ್ಪತ್ರೆಯ ಔಷಧಿ ಪೆಟ್ಟಿಗೆ ಇಡುತ್ತಾರೆ. ಬೇಡ ಎನ್ನಲು ನಾನು ಯಾರು? ಆದರೂ ಈ ಅಂಗಡಿ ಮುಚ್ಚಬಾರದು. ಯಾಕೆ ಎಂದು ಕೇಳಬೇಡ, ಮುಚ್ಚಬಾರದು ಅಷ್ಟೇ.

ಜನ ಬರುವುದೇ ಇಲ್ಲ ಅಂತಲ್ಲ. ಬರುತ್ತಾರೆ, ಒಂದು ಸುತ್ತು ಹಾಕುತ್ತಾರೆ, ಹೋಗುತ್ತಾರೆ. ಒಮ್ಮೆ ಬಂದವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ನೀನು ಅಷ್ಟು ದೊಡ್ಡ ಬಟ್ಟೆ ಅಂಗಡಿಯ ಗಾಜಿನ ಕಿಟಕಿಗಳನ್ನು ಸಿಂಗರಿಸುವವಳು. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಒಳಗೆ ಕರೆಯುವುದೇ ನಿನ್ನ ಕಸುಬು. ಅಪ್ಪನಿಗೂ ಸ್ವಲ್ಪ ಹೇಳಿಕೊಡು.

ಅವತ್ತಿನ ವಿಷಯ ನಾನು ಎತ್ತುವುದಿಲ್ಲ. ನೀನು ಎತ್ತಿದರೆ ಬೇಜಾರಿಲ್ಲ.

ಇಂತಿ,
ನಿನ್ನ ಅಪ್ಪ


ಸೆಪ್ಟೆಂಬರ್ 21

ಅಪ್ಪ,

ಕಾಗದ ತಲುಪಿತು. ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ.

ಹಳೆ ಬಟ್ಟೆ ಅಂಗಡಿಗೆ ಬರುವವರಿಗೆ ಮೊದಲು ಇರುವುದು ನಾಚಿಕೆ. ಮಂದ ಬೆಳಕು, ಮುಗ್ಗಲು ವಾಸನೆ, ಮೇಜಿನ ಮೇಲೆ ರಾಶಿ ಬಿದ್ದ ಬಟ್ಟೆ ಇದ್ದರೆ, ನೀವು ಬಡವರು ಎಂದು ಅಂಗಡಿಯೇ ಅವರ ಮುಖಕ್ಕೆ ಹೇಳಿದ ಹಾಗೆ. ಹಾಗೆ ಹೇಳಿಸಿಕೊಂಡವರು ಯಾಕೆ ಮತ್ತೆ ಬರುತ್ತಾರೆ? ಮೊದಲು ಅರ್ಧದಷ್ಟು ಬಟ್ಟೆಯನ್ನು ಒಳಕೋಣೆಗೆ ಹಾಕಿ. ಹೊರಗಿಡುವ ಒಂದೊಂದನ್ನೂ ಒಗೆಸಿ, ಇಸ್ತ್ರಿ ಮಾಡಿ. ಹ್ಯಾಂಗರುಗಳು ಎಲ್ಲವೂ ಒಂದೇ ಕಡೆಗೆ ಮುಖ ಮಾಡಿರಲಿ. ಆಳೆತ್ತರದ ಕನ್ನಡಿಯೊಂದನ್ನು ಬೆಳಕು ಬೀಳುವ ಕಡೆ ನಿಲ್ಲಿಸಿ, ಪಕ್ಕದಲ್ಲಿ ಒಂದು ಕುರ್ಚಿ ಹಾಕಿ. ಜೊತೆಗೆ ಬಂದವರು ಕೂತರೆ ಕೊಳ್ಳುವವರಿಗೆ ಅವಸರ ಇರುವುದಿಲ್ಲ. ಕಿಟಕಿಯಲ್ಲಿ ಮೂವತ್ತು ಬಟ್ಟೆ ಬೇಡ, ಮೂರು ಸಾಕು. ಸೋಮವಾರಕ್ಕೊಮ್ಮೆ ಬದಲಾಯಿಸಿ. ಬಾಗಿಲು ತೆಗೆದ ಕೂಡಲೇ ಮೊದಲು ಏನು ಕಾಣುತ್ತದೆ ಎಂದು ಬರೆಯಿರಿ.

ಅವತ್ತಿನ ವಿಷಯ ಎತ್ತಿದರೆ ಬೇಜಾರಿಲ್ಲ ಎಂದಿದ್ದೀರಿ. ಒಂದೇ ಮಾತು ಹೇಳುತ್ತೇನೆ. ಅಮ್ಮ ಹೋದ ಮೇಲೆ ಎಂಟು ದಿನ ಅವಳ ಬೀರಿನ ಮುಂದೆ ಹಾದುಹೋದೆ, ತೆರೆಯಲು ಧೈರ್ಯ ಬರಲಿಲ್ಲ. ಒಂಬತ್ತನೇ ದಿನ ತೆರೆದರೆ ಬರೀ ಹ್ಯಾಂಗರು. ಎಲ್ಲಿ ಎಂದು ಕೇಳಿದರೆ ಅಂಗಡಿಗೆ ಕೊಟ್ಟೆ ಅಂದಿರಿ. ಒಂದು ಕರವಸ್ತ್ರವನ್ನಾದರೂ ಮಗಳಿಗೆ ಬಿಡಬೇಕು ಎಂದು ನಿಮಗೆ ಅನ್ನಿಸಲಿಲ್ಲ. ಅಷ್ಟು ಬೇಗ ಬೀರು ಖಾಲಿ ಮಾಡಬಲ್ಲವರಿಗೆ ಅಂಗಡಿ ಖಾಲಿ ಮಾಡುವುದು ಕಷ್ಟವಾಗಬಾರದು.

ಮಗಳು


ಅಕ್ಟೋಬರ್ 9

ಪ್ರೀತಿಯ ಗುಂಡುಸೂಜಿಗೆ,

ಚುಚ್ಚಿದ್ದೀಯ. ಹೆಸರಿಟ್ಟವನು ನಾನೇ ಆದ್ದರಿಂದ ದೂರುವಂತಿಲ್ಲ. ಚಿಕ್ಕಂದಿನಿಂದ ನನ್ನನ್ನು ನೀನು ಎನ್ನುತ್ತಿದ್ದವಳು ನೀವು ಎಂದು ಬರೆದಿದ್ದೀಯ. ಇರಲಿ, ಗಿರಾಕಿಯ ಮರ್ಯಾದೆ ಎಂದುಕೊಳ್ಳುತ್ತೇನೆ.

ನೀನು ಹೇಳಿದ್ದನ್ನೆಲ್ಲ ಮಾಡಿದೆ. ಅರ್ಧ ಬಟ್ಟೆ ಒಳಗೆ ಹೋದ ಮೇಲೆ ಗೋಡೆಗೆ ಹಸಿರು ಬಣ್ಣ ಇದೆ ಎಂದು ನನಗೇ ಗೊತ್ತಾಯಿತು. ಮೂರು ದಿನ ಇಸ್ತ್ರಿ ಉಜ್ಜಿ ಭುಜ ಹಿಡಿದುಕೊಂಡಿತು. ಮುಚ್ಚಿಹೋದ ಕ್ಷೌರದಂಗಡಿಯಿಂದ ಆಳೆತ್ತರದ ಕನ್ನಡಿ ಸಿಕ್ಕಿತು. ಒಂದು ಮೂಲೆಯಲ್ಲಿ ಸ್ವಲ್ಪ ಪಾದರಸ ಹೋಗಿದೆ, ಆ ಮೂಲೆಗೆ ಯಾರ ಮುಖವೂ ಬರುವುದಿಲ್ಲ. ಕುರ್ಚಿಯ ವಿಷಯದಲ್ಲಂತೂ ನಿನ್ನ ಬುದ್ಧಿಗೆ ಶರಣು. ಶನಿವಾರ ಒಬ್ಬ ಗಂಡ ಅದರಲ್ಲಿ ಕೂತವನು ಗೊರಕೆ ಹೊಡೆಯತೊಡಗಿದ. ಹೆಂಡತಿ ಅವನನ್ನು ಎಬ್ಬಿಸಬೇಡಿ ಎಂದು ನನಗೆ ಸನ್ನೆ ಮಾಡಿ ನಾಲ್ಕು ಬಟ್ಟೆ ಆರಿಸಿಕೊಂಡಳು.

ಕಿಟಕಿಯಲ್ಲಿ ಈ ವಾರ ಹಳದಿ ಸ್ವೆಟರು, ಚರ್ಮದ ಕೈಚೀಲ, ಮಗುವಿನ ಕೆಂಪು ಬೂಟು. ಬೂಟು ನೋಡಿ ಮೂವರು ಒಳಗೆ ಬಂದರು. ಸೆಪ್ಟೆಂಬರಿನಲ್ಲಿ ವಾರಕ್ಕೆ ಇಪ್ಪತ್ತು ಜನ ಬರುತ್ತಿದ್ದರು, ಕಳೆದ ವಾರ ಅರವತ್ತೆರಡು. ಆದರೆ ಎರಡನೇ ಸಲ ಬಂದವರು ಆರೇ ಜನ. ಮುಖ ನೆನಪಿಡುವುದರಲ್ಲಿ ನಾನು ತಪ್ಪುವುದಿಲ್ಲ, ಮುಖ ತಪ್ಪಿದರೂ ಭುಜದ ಅಳತೆ ತಪ್ಪುವುದಿಲ್ಲ. ಬಂದವರನ್ನು ಉಳಿಸಿಕೊಳ್ಳುವುದು ಹೇಗೆ?

ಬೀರಿನ ವಿಷಯಕ್ಕೆ ನನ್ನಲ್ಲಿ ಉತ್ತರ ಇಲ್ಲ. ಇದೆ, ಬರೆಯಲು ಬರುತ್ತಿಲ್ಲ.

ಇಂತಿ,
ನಿನ್ನ ಅಪ್ಪ


ಅಕ್ಟೋಬರ್ 26

ಅಪ್ಪ,

ಅರವತ್ತೆರಡು ಒಳ್ಳೆಯ ಸಂಖ್ಯೆ. ಆರು ಕೆಟ್ಟ ಸಂಖ್ಯೆ. ಕಿಟಕಿ ಜನರನ್ನು ಒಮ್ಮೆ ಮಾತ್ರ ಕರೆತರುತ್ತದೆ. ಹೋದ ಸಲ ಕಂಡದ್ದೇ ಈ ಸಲವೂ ಕಂಡರೆ ಮೂರನೇ ಸಲ ಯಾರೂ ಬರುವುದಿಲ್ಲ.

ಹೊಸ ಬಟ್ಟೆ ಹೊರಗಿಡಲು ಒಂದು ದಿನ ಗೊತ್ತು ಮಾಡಿ. ಗುರುವಾರ ಬೆಳಿಗ್ಗೆ ಹತ್ತು ಗಂಟೆ ಎಂದರೆ ಹತ್ತು ಗಂಟೆಯೇ. ಬಾಗಿಲ ಮೇಲೆ ಬರೆದು ಹಾಕಿ, ಆಸ್ಪತ್ರೆಯ ನೋಟಿಸು ಹಲಗೆಯ ಮೇಲೂ ಹಾಕಿ. ಬೇಗ ಬಂದವರಿಗೆ ಒಳ್ಳೆಯದು ಸಿಗುತ್ತದೆ ಎಂದು ಗೊತ್ತಾದರೆ ಅವರೇ ಇನ್ನೊಬ್ಬರಿಗೆ ಹೇಳುತ್ತಾರೆ, ಹೇಳಲು ಮನಸ್ಸಿಲ್ಲದಿದ್ದರೂ ಹೇಳುತ್ತಾರೆ. ಬೆಲೆಯ ಚೀಟಿಗಳು ವಾರಕ್ಕೊಂದು ಬಣ್ಣದವು ಇರಲಿ. ನಾಲ್ಕು ವಾರ ಕಳೆದರೂ ಮಾರಾಟವಾಗದ ಚೀಟಿಯ ಬಟ್ಟೆಯನ್ನು ಮುಲಾಜಿಲ್ಲದೆ ಇಳಿಸಿ, ಬೇರೆ ಕಡೆಗೆ ಕಳಿಸಿಬಿಡಿ. ಯಾವುದರ ಮೇಲೂ ಮಮತೆ ಇಟ್ಟುಕೊಳ್ಳಬೇಡಿ. ಹಾಗಿರಲು ನಿಮಗೆ ಬರುತ್ತದೆ ಎಂದು ಗೊತ್ತು.

ಬಾಗಿಲೆದುರಿಗೆ ಇರುವ ಸ್ಟ್ಯಾಂಡು ಅಂಗಡಿಯ ಮುಖ. ಅದು ಪ್ರತಿ ಗುರುವಾರ ಪೂರ್ತಿ ಬದಲಾಗಬೇಕು. ಅಲ್ಲಿ ಏನಿದೆ ಎಂದು ಕೇಳಿದ್ದೆ, ನೀವು ಬರೆದಿಲ್ಲ.

ಮಗಳು


ನವೆಂಬರ್ 12

ಪ್ರೀತಿಯ ಗುಂಡುಸೂಜಿಗೆ,

ಗುರುವಾರದ ಉಪಾಯ ಹಿಡಿಯಿತು. ಮೊದಲ ವಾರ ಬಾಗಿಲ ಮುಂದೆ ನಾಲ್ವರಿದ್ದರು, ಎರಡನೇ ವಾರ ಹನ್ನೊಂದು. ಅವರಲ್ಲಿ ಇಬ್ಬರು ಒಂದೇ ನೀಲಿ ಅಂಗಿಯ ಎರಡು ತೋಳು ಹಿಡಿದು ನಿಂತರು. ಹರಿಯುವ ಮುಂಚೆ ನಾನು ಮಧ್ಯೆ ಹೋದೆ. ಕಾರ್ಯದರ್ಶಿ ಬಂದು ನೋಡಿ, ಪರವಾಗಿಲ್ಲ ಎಂದರು. ಪರವಾಗಿಲ್ಲ ಎನ್ನುವಾಗಲೂ ಕನ್ನಡಕ ಒರೆಸಿದ್ದು ಸರಿಹೋಗಲಿಲ್ಲ.

ಆಸ್ಪತ್ರೆಯ ನರ್ಸಮ್ಮ ಒಬ್ಬಳು ಡ್ಯೂಟಿ ಮುಗಿಸಿ ಪ್ರತಿ ಗುರುವಾರ ಬರುತ್ತಾಳೆ. ಬಾಯಿ ಜೋರು, ಮನಸ್ಸು ಒಳ್ಳೆಯದು. ಹೋದ ವಾರ ಅವಳು ಒಂದು ಮಾತು ಹೇಳಿದಳು: "ಯಜಮಾನ್ರೇ, ಒಳಗೆಲ್ಲ ಬದಲಾಗ್ತಿದೆ, ಈ ಮುಂದಿನದು ಮಾತ್ರ ಹಂಗೇ ಇದೆಯಲ್ಲ? ಇದನ್ನ ನೋಡಿದ್ರೆ ಅಂಗಡಿಗೇ ಹೊಸದು ಬಂದಿಲ್ಲ ಅನ್ಸುತ್ತೆ." ಆಮೇಲೆ ಅಲ್ಲಿದ್ದ ಒಂದು ಕಂದು ಕೋಟನ್ನು ಹಾಕಿ ನೋಡಿದಳು. ಗುಂಡಿ ಕೂಡಲಿಲ್ಲ. ಅದು ನಿಮ್ಮ ಅಳತೆಯದಲ್ಲ ಎಂದು ವಾಪಸು ತೆಗೆದುಕೊಂಡೆ.

ಮುಂದಿನ ಸ್ಟ್ಯಾಂಡು ಚೆನ್ನಾಗಿಯೇ ಇದೆ. ಅದರ ಚಿಂತೆ ನಿನಗೆ ಬೇಡ. ಬೇರೆ ಏನಾದರೂ ಉಪಾಯ ಇದ್ದರೆ ಬರೆ.

ಇಂತಿ,
ನಿನ್ನ ಅಪ್ಪ


ನವೆಂಬರ್ 20

ಅಪ್ಪ,

ಕನ್ನಡಿಯ ಮೂಲೆಯಲ್ಲಿ ಪಾದರಸ ಹೋದದ್ದನ್ನು ಬರೆದಿದ್ದೀರಿ. ಗೋಡೆಯ ಬಣ್ಣ ಬರೆದಿದ್ದೀರಿ. ಯಾರೋ ಗೊರಕೆ ಹೊಡೆದದ್ದನ್ನು ಬರೆದಿದ್ದೀರಿ. ಎರಡು ಸಲ ಕೇಳಿದರೂ ಬಾಗಿಲೆದುರು ಏನಿದೆ ಎಂದು ಮಾತ್ರ ಬರೆದಿಲ್ಲ.

ಮೂರನೇ ಸಲ ಕೇಳುತ್ತಿದ್ದೇನೆ. ಆ ಸ್ಟ್ಯಾಂಡಿನಲ್ಲಿ ಎಷ್ಟು ಬಟ್ಟೆ ಇವೆ? ಎಷ್ಟು ದಿನದಿಂದ ಇವೆ? ಯಾಕೆ ಹೋಗುತ್ತಿಲ್ಲ?

ನಮ್ಮ ಮನೆಯಲ್ಲಿ ಒಂದು ಕಂದು ಕೋಟು ಇತ್ತು.

ಮಗಳು


ಡಿಸೆಂಬರ್ 15

ಗುಂಡುಸೂಜಿ,

ಈ ಕಾಗದವನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ಇದು ಐದನೆಯದು, ಹೇಗಿದ್ದರೂ ಅಂಚೆಗೆ ಹಾಕುತ್ತೇನೆ.

ಹದಿನೇಳು. ಮೂರು ವರ್ಷದಿಂದ. ಎಲ್ಲವೂ ನಿನ್ನಮ್ಮನವು.

ಹದಿನೇಳನ್ನೂ ಹೊಲಿದವನು ನಾನು. ಕಂದು ಕೋಟು ನೀನು ಹುಟ್ಟುವ ವರ್ಷ ಹೊಲಿದದ್ದು. ಅದರ ಕಾಲರಿಗೆ ಅಸ್ತರು ಸಾಲದೆ ನನ್ನ ಅಂಗಿಯನ್ನೇ ಕತ್ತರಿಸಿ ಹಾಕಿದ್ದೆ, ಅವಳು ಅದನ್ನು ಬಂದವರಿಗೆಲ್ಲ ತೋರಿಸಿ ನಗುತ್ತಿದ್ದಳು. ಅವಳು ಹೋದ ಮೇಲೆ ಆ ಬೀರು ಮುಚ್ಚಿದ್ದರೆ ಅವಳನ್ನು ಒಳಗೆ ಹಾಕಿ ಬೀಗ ಹಾಕಿದ ಹಾಗೆ ಆಗುತ್ತಿತ್ತು. ತೆರೆದರೆ ನಿಲ್ಲಲು ಆಗುತ್ತಿರಲಿಲ್ಲ. ಎಂಟನೇ ದಿನ ಎಲ್ಲವನ್ನೂ ಕೈಗಾಡಿಯಲ್ಲಿ ಅಂಗಡಿಗೆ ತಂದೆ. ಮಾರಲು ತಂದದ್ದಲ್ಲ. ನಾನು ಕೂರುವ ಕಡೆಯಿಂದ ಬಾಗಿಲಿನ ಸ್ಟ್ಯಾಂಡು ನೇರ ಕಾಣುತ್ತದೆ. ದಿನವಿಡೀ ಕಣ್ಣೆದುರು ಇರಲಿ ಎಂದು ಅಲ್ಲಿ ತೂಗುಹಾಕಿದೆ. ಬಾಗಿಲು ತೆರೆದಾಗ ಗಾಳಿಗೆ ತೋಳುಗಳು ಆಡುತ್ತವೆ.

ಯಾರೂ ಕೊಳ್ಳಬಾರದೆಂದು ಹೊಸ ಬಟ್ಟೆಗಿಂತ ಹೆಚ್ಚು ಬೆಲೆ ಬರೆದೆ. ಯಾರಾದರೂ ಕೈ ಹಾಕಿದರೆ ತೋಳು ಗಿಡ್ಡ, ಬಣ್ಣ ಬಿಡುತ್ತದೆ ಎಂದು ನಾನೇ ಹುಳುಕು ಹೇಳುತ್ತಿದ್ದೆ. ನಲವತ್ತು ವರ್ಷ ನನ್ನ ಹೊಲಿಗೆಯಲ್ಲಿ ಯಾರಾದರೂ ಹುಳುಕು ತೆಗೆದರೆ ಜಗಳಕ್ಕೆ ನಿಲ್ಲುತ್ತಿದ್ದವನು ನಾನು. ಹಾಗೂ ಹಟ ಹಿಡಿದು ಹಾಕಿ ನೋಡಿದವರಿಗೆ ಎಲ್ಲವೂ ಬಿಗಿ. ಜನ ಯಾಕೆ ಮತ್ತೆ ಬರುವುದಿಲ್ಲ ಎಂದು ನಿನ್ನನ್ನು ಕೇಳಿದೆ. ಉತ್ತರ ನನಗೆ ಮೊದಲೇ ಗೊತ್ತಿತ್ತು. ಬಂದವರನ್ನು ಬಾಗಿಲಿನಲ್ಲೇ ತಡೆದು ಕಳಿಸುತ್ತಿದ್ದವನು ನಾನೇ. ಅಂಗಡಿ ಮುಚ್ಚಿದರೆ ಇವನ್ನು ಹೊತ್ತುಕೊಂಡು ಆ ಬೀರಿಗೇ ಹೋಗಬೇಕು. ಅದಕ್ಕೆ ಮುಚ್ಚಬಾರದು ಎಂದು ಬರೆದೆ.

ಅಂಗಡಿಗೆ ಕೊಟ್ಟೆ ಎಂದಾಗ ನಿನ್ನ ಮುಖ ನೋಡಿದೆ. ಬಿಸಾಕಿದೆ ಎಂದುಕೊಂಡಿದ್ದೀಯ ಎಂದು ಗೊತ್ತಾಯಿತು. ಇಷ್ಟೆಲ್ಲ ಹೇಳುವುದಕ್ಕಿಂತ ನಿನ್ನ ಸಿಟ್ಟು ಹೊರುವುದೇ ಸುಲಭ ಅನ್ನಿಸಿತು. ಅದು ನನ್ನ ತಪ್ಪು.

ಈಗ ಹೇಳು, ಏನು ಮಾಡಲಿ? ಮಗಳಾಗಿ ಹೇಳು, ಇಲ್ಲವೇ ಕಿಟಕಿ ಸಿಂಗರಿಸುವವಳಾಗಿ ಹೇಳು. ಹೇಳಿದ ಹಾಗೆ ಮಾಡುತ್ತೇನೆ.

ಅಪ್ಪ


ಡಿಸೆಂಬರ್ 28

ಅಪ್ಪ,

ಆ ಬೀರಿನಲ್ಲಿ ಹದಿನೇಳು ಹ್ಯಾಂಗರು ಇದ್ದವು. ನಾನು ಎಣಿಸಿದ್ದೆ. ಯಾಕೆ ಎಣಿಸಿದೆ ಎಂದು ಇವತ್ತಿನವರೆಗೂ ಗೊತ್ತಿರಲಿಲ್ಲ.

ಅಮ್ಮ ಕಾಯಿಲೆ ಬಿದ್ದಿದ್ದ ಆ ನಾಲ್ಕು ತಿಂಗಳು ಫೋನು ಮಾಡಿದಾಗಲೆಲ್ಲ ನೀನು, ಚೆನ್ನಾಗಿದಾಳೆ, ಅಂದೆ. ನಾನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು. ಕೊನೆಗೆ ನೀನು ಬಾ ಎಂದಾಗ ಹನ್ನೊಂದು ಕಿಟಕಿ ಸಿಂಗರಿಸುವುದಿತ್ತು, ಮುಗಿಸಿಯೇ ಹೊರಟೆ. ಎರಡು ದಿನದ ದಾರಿ. ಬಸ್ಸಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು, ಮುಖ ಕೂಡ ನೋಡಲಿಲ್ಲ. ಅವಳ ಬಟ್ಟೆಯಾದರೂ ಇರುತ್ತದೆ ಎಂದುಕೊಂಡಿದ್ದೆ. ಅದೂ ಇಲ್ಲದಾಗ ಬೈಯಲು ನೀನು ಸಿಕ್ಕಿದೆ. ಮೂರು ವರ್ಷ ನಿನ್ನನ್ನು ಬೈಯುತ್ತಿದ್ದೆನಾದ್ದರಿಂದ ನನ್ನನ್ನು ನಾನು ಬೈದುಕೊಳ್ಳುವುದು ತಪ್ಪಿತು.

ಮಾರಿಬಿಡು. ಕಿಟಕಿ ಸಿಂಗರಿಸುವವಳಾಗಿಯೂ ಹೇಳುತ್ತೇನೆ, ಮಗಳಾಗಿಯೂ ಅದನ್ನೇ ಹೇಳುತ್ತೇನೆ. ಅಮ್ಮ ಒಂದು ಬಟ್ಟೆಯನ್ನೂ ಸುಮ್ಮನೆ ತೂಗುಹಾಕಿ ಇಟ್ಟವಳಲ್ಲ, ಹಾಕಿಕೊಂಡು ತಿರುಗಿದವಳು. ಉಳಿದ ಬಟ್ಟೆಗಳ ಬೆಲೆಯನ್ನೇ ಇವಕ್ಕೂ ಬರೆ. ಚೀಟಿಯ ಮೇಲೆ ಒಂದೇ ಸಾಲು ಇರಲಿ: ಒಬ್ಬ ದರ್ಜಿ ತನ್ನ ಹೆಂಡತಿಗೆ ಹೊಲಿದದ್ದು. ಹನ್ನೆರಡು ವರ್ಷದಿಂದ ಜನರನ್ನು ಸೆಳೆಯುವ ಮಾತು ಬರೆಯುತ್ತಿದ್ದೇನೆ, ಸುಳ್ಳಿಲ್ಲದ ಸಾಲು ಇದೊಂದೇ.

ನನಗೆಂದು ಏನೂ ಎತ್ತಿಡಬೇಡ. ಒಂದು ಎತ್ತಿಟ್ಟರೆ ನೀನು ಹದಿನೇಳಕ್ಕೂ ಒಂದೊಂದು ನೆಪ ಹುಡುಕುತ್ತೀಯ.

ಮಗಳು


ಜನವರಿ 31

ಪ್ರೀತಿಯ ಗುಂಡುಸೂಜಿಗೆ,

ನೀನು ಎಂದು ಬರೆದಿದ್ದೀಯ. ಎರಡು ಸಲ ಓದಿಕೊಂಡೆ.

ಹದಿನೇಳು ಚೀಟಿಯನ್ನೂ ನನ್ನ ಕೈಯಲ್ಲೇ ಬರೆದೆ. ಗುರುವಾರ ಜನ ಎಂದಿನ ಹಾಗೆ ಗದ್ದಲ ಮಾಡುತ್ತ ಒಳಗೆ ಬಂದರು. ಮೊದಲ ಚೀಟಿ ಓದಿದವಳು ಅದನ್ನು ತನ್ನ ಹಿಂದಿದ್ದವರಿಗೆ ತೋರಿಸಿದಳು. ಬಟ್ಟೆಯ ಒಳಮೈ ತಿರುಗಿಸಿ ಹೊಲಿಗೆ ನೋಡತೊಡಗಿದರು. ನನ್ನ ಜೀವಮಾನದಲ್ಲಿ ನನ್ನ ಹೊಲಿಗೆಯನ್ನು ಅಷ್ಟು ಹೊತ್ತು ಯಾರೂ ನೋಡಿಲ್ಲ. ಆದರೆ ಹಾಕಿದವರಿಗೆಲ್ಲ ಬಿಗಿ.

ನರ್ಸಮ್ಮ ಕಂದು ಕೋಟು ಹಾಕಿ ಕನ್ನಡಿಯ ಮುಂದೆ ನಿಂತು, ಗುಂಡಿ ಎಳೆದೂ ಎಳೆದೂ ಸಾಕಾಗಿ ಹೇಳಿದಳು: "ನಿಮ್ಮ ಹೆಂಡ್ತಿ ತುಂಬ ಸಣ್ಣಗಿದ್ರು ಅನ್ಸುತ್ತೆ."

"ಇಲ್ಲಮ್ಮ," ಅಂದೆ. "ಸಣ್ಣಗಾದ್ಳು."

ಆಸ್ಪತ್ರೆಯವಳಲ್ಲವೇ, ಅಷ್ಟಕ್ಕೇ ಅವಳಿಗೆ ತಿಳಿಯಿತು. ನಿನಗೆ ತಿಳಿಯಲು ನಾನು ಬಿಡಿಸಿ ಬರೆಯಬೇಕು. ಕಾಯಿಲೆಯಲ್ಲಿ ನಿನ್ನಮ್ಮ ಇಳಿದುಹೋದಳು. ಬಟ್ಟೆಗಳು ಮೈಮೇಲೆ ಜೋತು ಬೀಳುತ್ತಿದ್ದವು. ಕನ್ನಡಿಯಲ್ಲಿ ನೋಡಿ ಅವಳು ಹೆದರಬಾರದೆಂದು, ಮಧ್ಯಾಹ್ನ ಅವಳು ಮಲಗಿದಾಗ ಒಂದೊಂದನ್ನೇ ತೆಗೆದು ಎರಡೂ ಪಕ್ಕ ಒಳಗೆ ಹಿಡಿದು ಹೊಲಿಯುತ್ತಿದ್ದೆ. ಎರಡು ವಾರಕ್ಕೊಮ್ಮೆ ಮತ್ತೆ ಹಿಡಿಯಬೇಕಾಗುತ್ತಿತ್ತು. ಹಾಕಿಕೊಂಡ ಬಟ್ಟೆ ಹೊಂದುತ್ತಿದ್ದುದರಿಂದ ತಾನು ಮೊದಲಿನ ಹಾಗೇ ಇದ್ದೇನೆ ಎಂದುಕೊಂಡಳೋ, ನನ್ನ ಸಲುವಾಗಿ ಹಾಗೆ ನಟಿಸಿದಳೋ, ಗೊತ್ತಿಲ್ಲ. ಫೋನಿನಲ್ಲಿ ನಿನಗೂ ನಾನು ಮಾಡಿದ್ದು ಅದೇ ಕೆಲಸ. ನೀನು ಬಾರದಿದ್ದುದು ನಿನ್ನದೊಬ್ಬಳ ತಪ್ಪಲ್ಲ, ನಾನು ಸುದ್ದಿಯನ್ನೂ ಒಳಗೆ ಹಿಡಿದು ಹೊಲಿದಿದ್ದೆ.

ಹೆಚ್ಚಾದ ಬಟ್ಟೆಯನ್ನು ಕತ್ತರಿಸಿರಲಿಲ್ಲ. ಗುಣವಾದ ಮೇಲೆ ಬಿಚ್ಚಬೇಕಲ್ಲ ಎಂದು ಒಳಗೇ ಮಡಿಸಿ ಬಿಟ್ಟಿದ್ದೆ.

ನರ್ಸಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಅವಳೆದುರಿಗೇ ಕೋಟಿನ ಹೊಲಿಗೆ ಬಿಚ್ಚಿದೆ. ಒಂದರ ಒಳಗೊಂದು ಎಂಟು ಸಾಲು ಇದ್ದವು. ಒಳಗಿನ ಬಟ್ಟೆ ಬಿಸಿಲು ಕಾಣದೆ ಹೊಸದರ ಹಾಗಿತ್ತು. ಎಲ್ಲ ಬಿಚ್ಚಿ, ಇಸ್ತ್ರಿ ಮಾಡಿ, ಭುಜ ಹಿಡಿದು ಎತ್ತಿದಾಗ ನಿನ್ನಮ್ಮ ತನ್ನ ಮೊದಲಿನ ಅಳತೆಗೆ ಬಂದಿದ್ದಳು. ನಾನು ಅತ್ತೆ, ಮಗಳೇ. ಮೂರು ವರ್ಷದಲ್ಲಿ ಮೊದಲ ಸಲ, ಅಂಗಡಿ ತುಂಬ ಜನರೆದುರು ಅತ್ತೆ. ನರ್ಸಮ್ಮ ಇಸ್ತ್ರಿ ಪೆಟ್ಟಿಗೆಯನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟಳು. ಕೋಟು ಅವಳಿಗೆ ಸರಿಯಾಗಿ ಕೂತಿತು. ಪಕ್ಕದಲ್ಲಿ ಎರಡು ಗಾಢ ಪಟ್ಟಿ ಕಾಣುತ್ತವೆ, ಇರಲಿ ಬಿಡಿ ಅಂದಳು.

ಈಗ ಹೊಲಿಗೆ ಬಿಚ್ಚಿ ಅಳತೆಗೆ ಕೂರಿಸಿಕೊಡುತ್ತೇನೆ ಎಂಬ ಸುದ್ದಿ ಹಬ್ಬಿದೆ. ತಂತಮ್ಮ ಬಟ್ಟೆ ಹಿಡಿದುಕೊಂಡು ಬರುತ್ತಾರೆ, ಬಂದವರು ಇಲ್ಲಿಂದ ಇನ್ನೊಂದು ಕೊಂಡು ಹೋಗುತ್ತಾರೆ, ಅದನ್ನು ಹಿಡಿದುಕೊಂಡು ಮತ್ತೆ ಬರುತ್ತಾರೆ. ಕಳೆದ ಗುರುವಾರ ಸಾಲು ಮೂಲೆಯ ಬೇಕರಿಯವರೆಗೆ ಇತ್ತು. ಕಾರ್ಯದರ್ಶಿ ಬಂದು ಇನ್ನೊಂದು ವರ್ಷ ನಡೆಸಿ ಎಂದರು. ಈ ಸಲ ಕನ್ನಡಕ ಮುಟ್ಟಲಿಲ್ಲ.

ಹದಿನೇಳರಲ್ಲಿ ಹನ್ನೆರಡು ಹೋಗಿವೆ. ಮೊನ್ನೆ ಬಸ್‌ ನಿಲ್ದಾಣದಲ್ಲಿ ಅವಳ ಬೂದು ಅಂಗಿ ಯಾರದೋ ಜೊತೆ ನಗುತ್ತ ನಿಂತಿತ್ತು. ಉಳಿದ ಐದನ್ನೂ ಫೆಬ್ರವರಿ ಕೊನೆಗೆ ಬಿಚ್ಚುತ್ತೇನೆ.

ಇಂತಿ,
ನಿನ್ನ ಅಪ್ಪ


ಫೆಬ್ರವರಿ 8

ಅಪ್ಪ,

ನಿನ್ನ ಕಾಗದವನ್ನು ಕೆಲಸದ ಜಾಗದಲ್ಲಿ, ಕಿಟಕಿಯೊಳಗೆ ಬೊಂಬೆಗಳ ನಡುವೆ ಕೂತು ಓದಿದೆ. ಗಾಜಿನಾಚೆ ಜನ ನಿಂತು ನೋಡುತ್ತಿದ್ದರು. ಎದ್ದು ಪರದೆ ಎಳೆಯಲು ನನ್ನಿಂದ ಆಗಲಿಲ್ಲ.

ಹತ್ತು ದಿನ ರಜೆ ಹಾಕಿದ್ದೇನೆ. ಬರುವ ಗುರುವಾರ ಹತ್ತು ಗಂಟೆಗೆ ಬಾಗಿಲ ಮುಂದೆ ಎಲ್ಲರ ಹಾಗೆ ಸಾಲಿನಲ್ಲಿ ನಿಂತಿರುತ್ತೇನೆ. ಮಗಳು ಎಂದು ಮುಂದೆ ಕರೆಯಬೇಡ, ಗಿರಾಕಿಗಳು ಬೇಜಾರು ಮಾಡಿಕೊಳ್ಳುತ್ತಾರೆ.

ನನಗೆಂದು ಏನೂ ಎತ್ತಿಡಬೇಡ ಎಂದಿದ್ದೆ. ಆ ಮಾತು ವಾಪಸು ತೆಗೆದುಕೊಳ್ಳುತ್ತೇನೆ. ಐದರಲ್ಲಿ ನಾಲ್ಕನ್ನು ಬಿಚ್ಚು. ಒಂದನ್ನು ಹಾಗೇ ಇಡು, ಕೊನೆಯ ಸಲ ಹಿಡಿದ ಹೊಲಿಗೆಯ ಸಮೇತ. ಅಮ್ಮ ಎಷ್ಟು ಸಣ್ಣಗಾಗಿದ್ದಳು ಎಂದು ನಾನು ನೋಡಲಿಲ್ಲ. ನೋಡಬೇಕು.

ಆಮೇಲೆ ಇಬ್ಬರೂ ಕೂತು ಬಿಚ್ಚೋಣ.

ನಿನ್ನ
ಗುಂಡುಸೂಜಿ